ಕಳಸದಲ್ಲಿ ಲೈನು ಹೋದ ಒಂಬತ್ತು ದಿನ

ಕಳಸಕ್ಕೆ ಬಂದ ಹದಿನೈದನೇ ದಿನ ನಮ್ಮ ಮನೆಗೆ ಫೋನಿನ ಲೈನು ಬಂತು. ರಿಸೀವರ್ ಎತ್ತಿ ಕಿವಿಗೆ ಹಿಡಿದರೆ ಒಳಗೆ ಇಬ್ಬರು ಗಂಡಸರು ಮಾತಾಡುತ್ತಿದ್ದರು. ನಾನಿನ್ನೂ ಒಂದು ನಂಬರನ್ನೂ ಒತ್ತಿರಲಿಲ್ಲ. ಒಬ್ಬ ಕಾಳುಮೆಣಸಿನ ಚೀಲಗಳ ವಿಷಯ ಹೇಳುತ್ತಿದ್ದ, ಇನ್ನೊಬ್ಬ ಅರ್ಧ ತುಳುವಿನಲ್ಲಿ ಅರ್ಧ ಕನ್ನಡದಲ್ಲಿ ಯಾರನ್ನೋ ಬೈಯುತ್ತಿದ್ದ. ನಾನು ಹೆದರಿ "ಹಲೋ" ಅಂದೆ. ಇಬ್ಬರೂ ಸುಮ್ಮನಾದರು. ಆಮೇಲೆ ಒಬ್ಬ ಬಹಳ ಮರ್ಯಾದೆಯಿಂದ, "ನೀವು ಇಡಿ ಅಮ್ಮ, ನಮ್ದು ಇನ್ನೊಂದು ಐದು ನಿಮಿಷ ಉಂಟು" ಎಂದ. ಇಟ್ಟುಬಿಟ್ಟೆ.

ಗದುಗಿನಲ್ಲಿ ಕುಳಿತು ಓದುವ ನಿಮಗೆ ಇದು ತಮಾಷೆಯಾಗಿ ಕಾಣಬಹುದು. ಅವತ್ತು ನನಗೆ ಅಳು ಬಂದಿತ್ತು. ನಮ್ಮ ಮನೆಯವರು ಶಿವಾನಂದ, ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಅವರಿಗೆ ಮಲೆನಾಡಿನ ಈ ಕಳಸಕ್ಕೆ ವರ್ಗವಾದಾಗ ನಾನು ನಿಮ್ಮ ಪಕ್ಕದ ಬೆಟಗೇರಿಯಲ್ಲಿ ಲಗ್ನಪತ್ರಿಕೆ, ಕರಪತ್ರಗಳನ್ನು ಕಂಪ್ಯೂಟರಿನಲ್ಲಿ ಹೊಂದಿಸಿಕೊಡುವ ಕೆಲಸ ಮಾಡುತ್ತಿದ್ದೆ. ಕಳಸದಲ್ಲಿ ಇಂಟರ್ನೆಟ್ ಅಂಗಡಿ ಒಂದೂ ಇಲ್ಲ ಎಂದು ಯಾರೋ ಹೇಳಿದರು. ಇಲ್ಲದ ಕಡೆ ಹೋದರೆ ನಾನೇ ಮೊದಲಿನವಳಾಗುತ್ತೇನೆ ಎಂದುಕೊಂಡು, ಕಂಪ್ಯೂಟರನ್ನು ಎರಡು ಹಾಸಿಗೆಗಳ ನಡುವೆ ಮಲಗಿಸಿ ಲಾರಿಯಲ್ಲಿ ತಂದಿದ್ದೆ. ಯಾಕೆ ಇಲ್ಲ ಎಂದು ಆಗ ನಾನು ಕೇಳಲಿಲ್ಲ.

ಪೇಟೆಯಲ್ಲಿ ವಿಮಲಕ್ಕ ಎಂಬವರ ದಿನಸಿ ಅಂಗಡಿ. ಅದರ ಪಕ್ಕದ ಒಂದು ಕೋಣೆಯನ್ನು ನನ್ನ ಅಂಗಡಿಗೆ, ಹಿಂದಿನ ಎರಡು ಕೋಣೆಗಳನ್ನು ವಾಸಕ್ಕೆ ಬಾಡಿಗೆಗೆ ಕೊಟ್ಟಿದ್ದರು. ಗಂಡ ತೀರಿಹೋದ ಮೇಲೆ ಅಂಗಡಿಯನ್ನೂ ಎರಡು ಎಕರೆ ಕಾಫಿಯನ್ನೂ ಒಬ್ಬರೇ ನೋಡಿಕೊಳ್ಳುವ ಹೆಂಗಸು. ನನ್ನ ಮುಖ ನೋಡಿ ಅವರೇ ಲೈನ್‌ಮನ್ ಸುಂದರಣ್ಣನನ್ನು ಕರೆಸಿದರು. ನಿವೃತ್ತಿಗೆ ಹತ್ತಿರ ಬಂದಿದ್ದ, ಒಣಕಲು ಮೈಯ ಮನುಷ್ಯ. ರಿಸೀವರಿಗೆ ಕಿವಿಯಿಟ್ಟು, ಮಾತಾಡುತ್ತಿದ್ದವರ ಪರಿಚಯ ಹಿಡಿದು ಮೊದಲು ಅವರ ಕ್ಷೇಮ ವಿಚಾರಿಸಿದ. ಆಮೇಲೆ ನನ್ನ ಕಡೆ ತಿರುಗಿ, "ಕೇಬಲ್ಲಿನ ಜಾಯಿಂಟಿಗೆ ನೀರು ಹೋಗಿದೆ ಅಕ್ಕ. ಬಿಸಿಲು ಬಂದ್ರೆ ಸರಿ ಆಗ್ತದೆ" ಎಂದ.

"ಬಿಸಲು ಯಾವಾಗ ಬರ್ತೈತ್ರಿ?" ಎಂದೆ.

"ಮೊನ್ನೆ ಬಂದಿತ್ತಲ್ಲ" ಎಂದು ಆಕಾಶ ನೋಡಿದ.

ಗದುಗಿನಲ್ಲಿ ಬಿಸಿಲು ಯಾವಾಗ ಹೋಗುತ್ತದೆ ಎಂದು ಕೇಳುತ್ತಾ ಬೆಳೆದವಳು ನಾನು.

ಕೊನೆಗೂ ನೆಟ್ ಹತ್ತಿತು. ಹತ್ತಿತು ಎಂದರೆ, ನಾಲ್ಕು ಸಲ ಡಯಲ್ ಮಾಡಿದರೆ ಒಂದು ಸಲ. ಮೊಡೆಮ್ ಎಂಬ ಆ ಸಣ್ಣ ಪೆಟ್ಟಿಗೆ ಕರ್ಕಶವಾಗಿ ಕೂಗಿ, ಸಂಪರ್ಕ ಸಿಕ್ಕಿದ ಮೇಲೂ ಒಂದು ಪುಟ ತೆರೆಯುವಷ್ಟರಲ್ಲಿ ವಿಮಲಕ್ಕ ಒಬ್ಬ ಗಿರಾಕಿಗೆ ಅಕ್ಕಿ ಬೇಳೆ ಅಳೆದು ಕಳಿಸುತ್ತಿದ್ದರು. ಒಂದು ಫೋಟೋ ಇಳಿಯುವುದೆಂದರೆ ಮೊದಲು ಆಕಾಶ, ಆಮೇಲೆ ಕೂದಲು, ಆಮೇಲೆ ಹಣೆ. ಹಣೆಯವರೆಗೆ ಬಂದು ಲೈನು ಕಡಿದರೆ ಮತ್ತೆ ಆಕಾಶದಿಂದ ಶುರು. ಖರ್ಚೂ ಹಾಗೇ. ಗದುಗಿನ ಸೈಬರ್‌ಗಳಲ್ಲಿ ಹದಿನೈದು ರೂಪಾಯಿ ಕೊಟ್ಟು ಹುಡುಗರು ಒಂದು ಗಂಟೆ ಸಿನಿಮಾ ಚಿತ್ರ ನೋಡಿಕೊಂಡು ಕೂರುತ್ತಿದ್ದರು. ಇಲ್ಲಿ ನಾನು ಐವತ್ತು ಇಡಬೇಕಾಯಿತು. ಇಂಟರ್ನೆಟ್ಟಿನ ಗಂಟೆಗೆ ಒಂದು ದುಡ್ಡು, ಅದು ನಡೆಯುವಾಗ ಓಡುವ ಫೋನಿನ ಮೀಟರಿಗೆ ಇನ್ನೊಂದು ದುಡ್ಡು. ಅದಕ್ಕೇ ಬೆಂಚಿನ ಮೇಲೆ ಕಾಗದ, ಪೆನ್ಸಿಲ್ ಇಟ್ಟೆ. ಬಂದವರು ಹೇಳಬೇಕಾದ್ದನ್ನು ಮೊದಲು ಕಾಗದದಲ್ಲಿ ಬರೆಯಬೇಕು, ನಾನು ಲೈನಿಲ್ಲದೆ ಟೈಪು ಮಾಡಿಟ್ಟುಕೊಳ್ಳಬೇಕು, ಆಮೇಲೆ ಡಯಲ್ ಮಾಡಿ ಕಳಿಸಿ ತಕ್ಷಣ ಕತ್ತರಿಸಬೇಕು. "ಹೋಯ್ತಾ? ಹೋಯ್ತಲ್ಲ? ಕಟ್ ಮಾಡಿ ಮಾರಾಯ್ರೆ!" ಎಂದು ಹಿಂದೆ ನಿಂತವರು ಕೂಗುತ್ತಿದ್ದರು.

ನನ್ನ ಮೊದಲ ಕಾಯಂ ಗಿರಾಕಿ ಒಬ್ಬ ರೈಟರ್. ರೈಟರ್ ಬರುತ್ತಾರೆ ಎಂದು ವಿಮಲಕ್ಕ ಹೇಳಿದಾಗ ನಾನು ಕಾದಂಬರಿಕಾರರೇ ಇರಬೇಕೆಂದು ಕುರ್ಚಿ ಒರೆಸಿದ್ದೆ. ಇಲ್ಲಿ ರೈಟರ್ ಎಂದರೆ ಎಸ್ಟೇಟಿನ ಗುಮಾಸ್ತ. ಆಳುಗಳ ಹಾಜರಿ, ಗೊಬ್ಬರದ ಲೆಕ್ಕ ಬರೆಯುವವರು. ಅವರ ಧಣಿಗಳಿಗೆ ಪ್ರತಿ ಸಂಜೆ ಲಂಡನ್ ಮಾರುಕಟ್ಟೆಯ ಕಾಫಿ ರೇಟು ಬೇಕು. ಎರಡು ಅಂಕಿಗಳಿಗಾಗಿ ಆ ಮನುಷ್ಯ ಇಪ್ಪತ್ತು ನಿಮಿಷ ಕೊಡೆ ಹಿಡಿದೇ ಕೂರುತ್ತಿದ್ದರು. ಅಂಕಿ ಇಳಿದಿದ್ದರೆ, "ಇದಕ್ಕೆ ಇಷ್ಟು ಹೊತ್ತು ಕೂತದ್ದಾ?" ಎಂದು ನನ್ನನ್ನೇ ನೋಡುತ್ತಿದ್ದರು.

ಊಟದ್ದೂ ಮಾತಿನದ್ದೂ ಬೇರೆ ಕಷ್ಟ. ಜೋಳದ ಹಿಟ್ಟು ಇಲ್ಲಿ ಸಿಗುವುದಿಲ್ಲ. ತವರಿನಿಂದ ತಂದದ್ದು ಜೂನ್ ತಿಂಗಳಿಗೆ ಹಸಿರು ಬೂಷ್ಟು ಹಿಡಿಯಿತು. ಇಲ್ಲಿಯವರಿಗೆ ರೊಟ್ಟಿ ಎಂದರೆ ಅಕ್ಕಿಯದು. ಕೈಯಲ್ಲಿ ಬಡಿಯುವ ಸದ್ದೇ ಇಲ್ಲದ ಅಡುಗೆಮನೆಯಲ್ಲಿ ನಾನು ಒಲೆಯ ಮುಂದೆ ಸುಮ್ಮನೆ ಕೂತದ್ದುಂಟು. ನಾನು "ಹೌದಲ್ರಿ" ಅಂದರೆ ಜಗಳಕ್ಕೆ ಬಂದೆನೇನೋ ಎಂದು ಜನ ಹಿಂದೆ ಸರಿಯುತ್ತಿದ್ದರು. ಇವರ ಮೆತ್ತನೆಯ ಮಾತು ಬೇಕು ಅನ್ನುವುದೋ ಬೇಡ ಅನ್ನುವುದೋ ನನಗೆ ತಿಳಿಯುತ್ತಿರಲಿಲ್ಲ. ಒಂದು ದಿನ ಸುಂದರಣ್ಣ ಬಾಗಿಲಲ್ಲಿ ನಿಂತು, "ಧರೆ ಜರಿದಿದೆ ಅಕ್ಕ" ಎಂದ. ಧರೆ ಎಂದರೆ ನಮಗೆ ಇಡೀ ಭೂಮಿ. ನಾನು ಗಾಬರಿಯಾಗಿ ಹೊರಗೆ ಓಡಿಬಂದೆ. ಇಲ್ಲಿ ಧರೆ ಎಂದರೆ ರಸ್ತೆಯ ಪಕ್ಕ ಗುಡ್ಡ ಕಡಿದ ಮಣ್ಣಿನ ಗೋಡೆ. ಅದು ಕುಸಿದರೆ ಅದರ ಬುಡದಲ್ಲಿ ಹೂತ ಕೇಬಲ್ಲೂ ಹೋಗುತ್ತದೆ. ಮೊದಲ ಮಳೆಗಾಲದಲ್ಲಿ ಅದು ಎರಡು ಸಲ ಜರಿಯಿತು. ಆಗೆಲ್ಲ ಎರಡು ದಿನ, ಮೂರು ದಿನಕ್ಕೆ ಸರಿಯಾಗಿತ್ತು.

ಮರುವರ್ಷ ಕುದುರೆಮುಖದ ಗಣಿ ನಿಲ್ಲುವುದು ಖಚಿತವಾಯಿತು. ನನ್ನ ಅಂಗಡಿ ತುಂಬಿದ್ದು ಆಗ. ಕಬ್ಬಿಣದ ಅದಿರಿನ ಕಂಪನಿ, ಅದರ ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ ಎಲ್ಲ ಸೇರಿ ಒಂದು ಇಡೀ ಊರೇ ಕೆಲಸ ಹುಡುಕಲು ಹೊರಟಿತ್ತು. ಟೌನ್‌ಶಿಪ್ಪಿನಲ್ಲಿದ್ದ ಸೌಕರ್ಯಗಳು ಒಂದೊಂದಾಗಿ ಮುಚ್ಚುತ್ತಿದ್ದವು. ಕ್ವಾರ್ಟರ್ಸಿನ ಫೋನುಗಳನ್ನು ತೆಗೆಯುತ್ತಿದ್ದರು. ಮೊಬೈಲ್ ಎಂಬುದು ಆ ಗುಡ್ಡಗಳ ನಡುವೆ ಇನ್ನೂ ಸದ್ದು ಮಾಡಿರಲಿಲ್ಲ. ಹಾಗಾಗಿ ಬಸ್ಸು ಹತ್ತಿ ಕಳಸಕ್ಕೆ ಬರುತ್ತಿದ್ದರು. ಇಪ್ಪತ್ತು ವರ್ಷ ಡಂಪರ್ ಓಡಿಸಿದವರು, ವೆಲ್ಡರುಗಳು, ಮಾಸ್ತರರು. ನಾನು ಅವರ ಬಯೋಡಾಟಾ ಟೈಪು ಮಾಡಿ ಎಲ್ಲಿಯೋ ಇರುವ ಕಂಪನಿಗಳಿಗೆ ಕಳಿಸುತ್ತಿದ್ದೆ. ನಾನು ಇಲ್ಲಿ ಬೇರು ಬಿಡಲು ನೋಡುತ್ತಿದ್ದೆ, ನನ್ನ ಕೆಲಸವೋ ಇಲ್ಲಿಯವರನ್ನು ಹೊರಗೆ ಕಳಿಸುವುದಾಗಿತ್ತು.

ಹಾಗೆ ಬಂದವರಲ್ಲಿ ಲಲಿತಾ ಒಬ್ಬರು. ಕಾರ್ಕಳದ ಕಡೆಯವರು, ಕಂಪನಿ ಆಸ್ಪತ್ರೆಯಲ್ಲಿ ಹದಿನೈದು ವರ್ಷ ನರ್ಸ್. ಗಂಡ ಅದೇ ಗಣಿಯಲ್ಲಿ ಮೆಕ್ಯಾನಿಕ್, ಬೆನ್ನಿಗೆ ಪೆಟ್ಟು ಬಿದ್ದು ಭಾರದ ಕೆಲಸ ಮಾಡುವಂತಿರಲಿಲ್ಲ. ಮಗಳು ಒಂಬತ್ತನೇ ಕ್ಲಾಸು. ಕೊಲ್ಲಿ ದೇಶಗಳ ಆಸ್ಪತ್ರೆಗಳಿಗೆ ನರ್ಸುಗಳನ್ನು ಕಳಿಸುವ ಮುಂಬೈಯ ಏಜೆನ್ಸಿಯೊಂದಕ್ಕೆ ಅರ್ಜಿ ಹಾಕಬೇಕಿತ್ತು. ಸರ್ಟಿಫಿಕೇಟುಗಳನ್ನು ಸ್ಕ್ಯಾನ್ ಮಾಡಿ ಕಳಿಸಲು ಎರಡು ದಿನ ಹಿಡಿಯಿತು. ಒಂದೊಂದು ಪುಟ ಅರ್ಧಕ್ಕೆ ಹೋಗಿ ಲೈನು ಕಡಿಯುತ್ತಿತ್ತು. ಅವರು ಮಾತ್ರ ಒಮ್ಮೆಯೂ ಗೊಣಗದೆ, ಬೆಂಚಿನ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

"ಉತ್ತರ ಬರಲಿಕ್ಕೆ ನನಗೆ ಒಂದು ಅಡ್ರೆಸ್ ಬೇಕಲ್ಲ ಇದರಲ್ಲಿ?" ಎಂದು ಅವರೇ ಕೇಳಿದರು.

ಬೇಕಿತ್ತು. ಆದರೆ ಹೊಸದೊಂದು ಇ-ಮೇಲ್ ವಿಳಾಸ ತೆರೆಯುವುದೆಂದರೆ ಆ ಲೈನಿನಲ್ಲಿ ಮುಕ್ಕಾಲು ಗಂಟೆ. ಹಿಂದೆ ಆರು ಜನ ಕಾಯುತ್ತಿದ್ದರು. "ನಮ್ಮ ಅಂಗಡೀದ ಕೊಡ್ರಿ. ಬಂದ ಕೂಡಲೆ ಪ್ರಿಂಟ್ ತಗದು ಇಡ್ತೇನಿ" ಎಂದೆ. ಬಹಳ ಜನಕ್ಕೆ ಹಾಗೇ ಮಾಡುತ್ತಿದ್ದೆ. ಒಬ್ಬೊಬ್ಬರ ಹೆಸರು ಬರೆದ ಲಕೋಟೆಗಳು ಮೊಳೆಗೆ ಸಿಕ್ಕಿಸಿದ ಚೀಲದಲ್ಲಿದ್ದವು. ವಾರಕ್ಕೊಮ್ಮೆ ಬಂದು ಕೇಳುತ್ತಿದ್ದರು, ಒಯ್ಯುತ್ತಿದ್ದರು. ಲಲಿತಾ ಅವರಿಗೂ ಒಂದು ಲಕೋಟೆ ಮಾಡಿದೆ.

ಮೇ ತಿಂಗಳ ಕೊನೆಗೆ ಏಜೆನ್ಸಿಯವರು ಕಂಪನಿ ಆಸ್ಪತ್ರೆಯ ಫೋನಿನಲ್ಲೇ ಅವರ ಸಂದರ್ಶನ ಮಾಡಿದರು. ಚೆನ್ನಾಗಿ ಆಯಿತಂತೆ. ನಂತರದ ವಾರ ಆಸ್ಪತ್ರೆಯ ಫೋನೂ ನಿಂತಿತು. ಮಳೆ ಹಿಡಿಯಿತು. ಜೂನಿನ ಒಂದು ಬೆಳಿಗ್ಗೆ ನಮ್ಮ ಫೋನು ಸತ್ತಿತ್ತು. ಮೂಡಿಗೆರೆಯ ದಾರಿಯಲ್ಲಿ ಕೊಟ್ಟಿಗೆಹಾರದ ಈಚೆ ಧರೆ ಜರಿದು ಕೇಬಲ್ಲು ಹರಿದಿದೆ ಎಂದು ಸುಂದರಣ್ಣ ಹೇಳಿಹೋದ. ರಸ್ತೆಯ ಮಣ್ಣನ್ನು ಎರಡನೇ ದಿನವೇ ತೆಗೆದರು, ಬಸ್ಸು ಓಡತೊಡಗಿತು. ಕೇಬಲ್ ಮಾತ್ರ ಮಣ್ಣಿನಡಿಯಲ್ಲಿ ಎಲ್ಲಿ ಹರಿದಿದೆ ಎಂದೇ ಗೊತ್ತಾಗಲಿಲ್ಲ.

ನಾಲ್ಕನೇ ದಿನ ಊಟಕ್ಕೆ ಕೂತಾಗ ಶಿವಾನಂದ ಹೇಳಿದರು: "ಮೂಡಿಗೆರೀಗೆ ಹೋಗಿ ಒಮ್ಮೆ ಮೇಲ್ ನೋಡ್ಕೊಂಡು ಬರಬಾರದ? ಅಲ್ಲಿ ನೆಟ್ ಐತಂತ."

ಮೂಡಿಗೆರೆಗೆ ಬಸ್ಸಿನಲ್ಲಿ ಎರಡು ಗಂಟೆಯ ಮೇಲೆ. ತಿರುವಿಗೊಂದು ವಾಂತಿ ನನಗೆ. ನೆಟ್ಟಗಿನ ರಸ್ತೆಯ ಊರಿನವಳು, ಈ ಘಾಟಿಯ ದಾರಿ ಹೊಟ್ಟೆಗೆ ಒಗ್ಗಿರಲೇ ಇಲ್ಲ. "ನಾಕ ದಿನದಾಗ ಯಾರು ಏನ್ ಬರದಿರ್ತಾರ" ಎಂದೆ. ಅವರು ಮತ್ತೆ ಕೇಳಲಿಲ್ಲ. ಆರನೇ ದಿನ, ಏಳನೇ ದಿನ, ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಬಾಗಿಲಲ್ಲಿ ಕೂತು ರಸ್ತೆ ನೋಡಿದೆ. ನಿಜ ಹೇಳಬೇಕೆಂದರೆ, ಲೈನು ಇಲ್ಲದ ಆ ದಿನಗಳಲ್ಲಿ ನನಗೆ ಸ್ವಲ್ಪ ಹಾಯೆನಿಸಿತ್ತು. ಯಾರೂ ನನ್ನ ಬೆನ್ನ ಹಿಂದೆ ನಿಂತು "ಹೋಯ್ತಾ?" ಎಂದು ಕೇಳುತ್ತಿರಲಿಲ್ಲ.

ಒಂಬತ್ತು ದಿನ ಕಳೆದು ಹತ್ತನೆಯ ದಿನ ಸುಂದರಣ್ಣ ಬಂದ. ಪ್ಯಾಂಟು ಮೊಣಕಾಲವರೆಗೆ ಮಡಿಸಿದ್ದ. ಪಾದದ ಮೇಲೆ ಇಂಬಳ ಕಚ್ಚಿದ ಜಾಗಗಳಿಂದ ರಕ್ತ ಸಣ್ಣಗೆ ಇಳಿಯುತ್ತಿತ್ತು. ಇಂಬಳ ಎಂದರೆ ನೆಲದ ಜಿಗಣೆ, ಒದ್ದೆ ಎಲೆಗಳ ಮೇಲೆ ಕಾದಿರುತ್ತದೆ. "ನೋಡಿ ಅಕ್ಕ ಈಗ" ಎಂದು ನಗುತ್ತಾ ರಿಸೀವರ್ ಎತ್ತಿ ನನ್ನ ಕಿವಿಗೇ ಹಿಡಿದ. ಡಯಲ್ ಟೋನು ಬಂದಿತ್ತು. ಅವನಿಗೆ ಕಾಫಿ ಕೊಟ್ಟು ಕಂಪ್ಯೂಟರ್ ಮುಂದೆ ಕೂತೆ.

ನಲವತ್ತಕ್ಕೂ ಹೆಚ್ಚು ಪತ್ರಗಳು ಒಂದೊಂದಾಗಿ ಇಳಿದವು. ಲಲಿತಾ ಅವರದು ಅದರಲ್ಲಿತ್ತು. ಆಯ್ಕೆಯಾಗಿದ್ದೀರಿ, ಒಪ್ಪಿಗೆಯನ್ನು ಒಂದು ವಾರದೊಳಗೆ ತಿಳಿಸಿ, ಇಲ್ಲದಿದ್ದರೆ ಪಟ್ಟಿಯ ಮುಂದಿನವರಿಗೆ ಕೊಡಲಾಗುವುದು. ಅದು ಬಂದದ್ದು ಲೈನು ಹೋದ ಎರಡನೇ ದಿನ. ಬೆರಳು ಮಡಿಸಿ ಎಣಿಸಿದೆ. ವಾರ ನಿನ್ನೆ ಮುಗಿದಿತ್ತು. ಸುಂದರಣ್ಣ ಬಾಗಿಲಲ್ಲಿ ಕೂತು ಕಾಫಿ ಕುಡಿಯುತ್ತಾ, ಕೇಬಲ್ ಹೇಗೆ ಹುಡುಕಿದೆ ಎಂದು ವಿಮಲಕ್ಕನಿಗೆ ವಿವರಿಸುತ್ತಿದ್ದ. ಅವನ ಖುಷಿಯನ್ನು ಕೆಡಿಸಲು ಮನಸ್ಸಾಗದೆ, ಕಾಗದ ಮಡಚಿ ಸೆರಗಿನಲ್ಲಿಟ್ಟುಕೊಂಡು ಕುದುರೆಮುಖದ ಬಸ್ಸು ಹತ್ತಿದೆ. ಅವತ್ತು ವಾಂತಿಯೂ ಬರಲಿಲ್ಲ.

ಟೌನ್‌ಶಿಪ್ಪಿಗೆ ನಾನು ಹೋದದ್ದು ಅದೇ ಮೊದಲು. ಒಂದೇ ಬಣ್ಣದ ಮನೆಗಳ ಸಾಲು, ಅರ್ಧಕ್ಕರ್ಧ ಬೀಗ. ಬೀಗ ಬೀಳದ ಮನೆಯೊಂದರ ಜಗಲಿಯಲ್ಲಿ ಮಂಚ, ಮಿಕ್ಸಿ, ಮಗುವಿನ ಸೈಕಲ್ಲು ಮಾರಾಟಕ್ಕೆ ಇಟ್ಟಿದ್ದರು. ಕೊಳ್ಳುವವರು ಯಾರಿದ್ದಾರೆ ಎಂದು ತಿಳಿಯಲಿಲ್ಲ. ಲಲಿತಾ ಆಸ್ಪತ್ರೆಯ ಉಗ್ರಾಣದಲ್ಲಿ ಹೊದಿಕೆಗಳನ್ನು ಮಡಚಿ ಕಟ್ಟುತ್ತಿದ್ದರು. ನನ್ನನ್ನು ನೋಡಿದ ತಕ್ಷಣ ಮುಖ ಅರಳಿತು. ಅಂಗಡಿಯವಳೇ ಬಸ್ಸು ಹತ್ತಿ ಬಂದಿದ್ದಾಳೆ ಎಂದರೆ ಒಳ್ಳೆಯ ಸುದ್ದಿಯೇ ಎಂದುಕೊಂಡರು. ನಾನು ಸೆರಗಿನಿಂದ ಕಾಗದ ತೆಗೆದು ಕೊಟ್ಟೆ.

ಎರಡು ಸಲ ಓದಿದರು. "ಇದು ಬಂದದ್ದು ಯಾವತ್ತು?"

"ಲೈನ್ ಹೋಗಿತ್ರಿ. ಧರೆ ಜರಿದು ಒಂಬತ್ತು ದಿನ..."

"ಗೊತ್ತುಂಟು. ಲೈನ್ ಇಲ್ಲದಿದ್ರೆ ನೀವೆಂತ ಮಾಡ್ಲಿಕ್ಕಾಗ್ತದೆ." ಕಾಗದವನ್ನು ಮಡಚಿದರು. ಮತ್ತೆ ಬಿಡಿಸಿದರು. ಮೆಲ್ಲಗೆ ಕೇಳಿದರು: "ಮೂಡಿಗೆರೆಗೆ ಬಸ್ ಇತ್ತಲ್ಲ?"

"ಇತ್ರಿ" ಎಂದೆ.

ಅವರು ಮುಂದೆ ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹೊದಿಕೆಗಳ ಕಟ್ಟಿಗೆ ಗಂಟು ಹಾಕಿ, ಕೈ ತೊಳೆದು, "ಬನ್ನಿ, ಬೂತಿನಿಂದ ಫೋನ್ ಮಾಡುವ" ಎಂದರು. ಬಸ್ ನಿಲ್ದಾಣದ ಹತ್ತಿರ ಇನ್ನೂ ಉಳಿದಿದ್ದ ಒಂದೇ ಎಸ್‌ಟಿಡಿ ಬೂತಿನಿಂದ ಮುಂಬೈಗೆ ಮಾಡಿದೆವು. ಆ ಕಡೆಯ ಹೆಂಗಸು ಒರಟಾಗೇನೂ ಮಾತಾಡಲಿಲ್ಲ. ನಿನ್ನೆ ಸಂಜೆಯೇ ಬೇರೆಯವರ ಒಪ್ಪಿಗೆ ಬಂತು, ನಿಮ್ಮ ಹೆಸರನ್ನು ಇಟ್ಟುಕೊಂಡಿರುತ್ತೇವೆ ಎಂದಳಂತೆ. ಬೂತಿನ ಗಾಜಿನ ಹೊರಗೆ ನಿಂತು ನಾನು ಲಲಿತಾ ಅವರ ಬೆನ್ನನ್ನು ನೋಡುತ್ತಿದ್ದೆ. ಫೋನ್ ಇಟ್ಟು, ಚಿಲ್ಲರೆ ಎಣಿಸಿ ಬೂತಿನವನಿಗೆ ಕೊಟ್ಟರು.

ಹೊರಗೆ ಬಂದು ಅಷ್ಟನ್ನು ತಿಳಿಸಿ, ಕೊನೆಗೆ ಒಂದು ಮಾತು ಹೇಳಿದರು. "ನನಗೆ ನನ್ನದೇ ಅಡ್ರೆಸ್ ಬೇಕು. ನಾಳೆ ಬರ್ತೇನೆ."

ಮರುದಿನ ಬಂದರು. ಇತರರನ್ನು ಕಾಯಲು ಹೇಳಿ ಮುಕ್ಕಾಲು ಗಂಟೆ ಕೂತು ವಿಳಾಸ ತೆರೆದೆವು. ಪಾಸ್‌ವರ್ಡ್ ಹಾಕುವಾಗ ಅವರು ನನ್ನ ಕಡೆ ನೋಡಿದರು. ನಾನು ಎದ್ದು ಹೊರಗೆ ಹೋದೆ. ದುಡ್ಡು ಬೇಡವೆಂದರೂ ಐವತ್ತು ರೂಪಾಯಿಯನ್ನು ಕೀಬೋರ್ಡಿನ ಕೆಳಗೆ ಇಟ್ಟು ಹೋಗಿದ್ದರು.

ಆಮೇಲೆ ನಾನೊಂದು ರೂಢಿ ಮಾಡಿಕೊಂಡೆ. ಲೈನು ಹೋದ ಮೂರನೇ ದಿನ ಸರಿಯಾಗದಿದ್ದರೆ ನಾಲ್ಕನೇ ದಿನ ಮೊದಲ ಬಸ್ಸಿಗೆ ಮೂಡಿಗೆರೆ. ಬಾಯಲ್ಲಿ ಹುಣಸೆಹಣ್ಣು, ಕೈಯಲ್ಲಿ ಒಂದು ನೋಟ್‌ಬುಕ್. ಆ ನೋಟ್‌ಬುಕ್ಕಿನಲ್ಲಿ ಲಲಿತಾ ಅವರನ್ನು ನೋಡಿ ಸ್ವಂತ ವಿಳಾಸ ತೆರೆಸಿಕೊಂಡ ಜನ ತಾವೇ ತಮ್ಮ ಪಾಸ್‌ವರ್ಡ್ ಬರೆದುಕೊಟ್ಟಿದ್ದರು. ಬಚ್ಚಿಡಬೇಕಾದ್ದು ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. "ನಿಮ್ಮತ್ರ ಎಂತ ಬಚ್ಚಿಡುದು ಮಾರಾಯ್ರೆ" ಎಂದರು ರೈಟರ್. ಅವರದು ಧಣಿಗಳ ನಾಯಿಯ ಹೆಸರು. ಬೈಗುಳವನ್ನೇ ಪಾಸ್‌ವರ್ಡ್ ಮಾಡಿಕೊಂಡಿದ್ದ ವೆಲ್ಡರ್ ಒಬ್ಬ ನಾಚಿಕೊಂಡು ಬರೆದುಕೊಟ್ಟ. ಬರೆದುಕೊಡದೆ ಉಳಿದವರು ಲಲಿತಾ ಒಬ್ಬರೇ. ಅದು ಸರಿಯಾಗಿಯೇ ಇತ್ತು.

ಆದ್ದರಿಂದ ಅವರು ತಾವೇ ಬರುತ್ತಿದ್ದರು. ಲೈನು ಹೋದ ಸುದ್ದಿ ಬಸ್ ಕಂಡಕ್ಟರುಗಳಿಂದ ಅವರಿಗೆ ಮುಟ್ಟುತ್ತಿತ್ತು. ನಾಲ್ಕನೇ ದಿನ ಕಳಸದ ನಿಲ್ದಾಣದಲ್ಲಿ ನಿಂತಿರುತ್ತಿದ್ದರು. ಮೊದಲ ಸಲ ನಾವು ಬೇರೆ ಬೇರೆ ಸೀಟಿನಲ್ಲಿ ಕೂತೆವು. ಎರಡನೇ ಸಲ ಅವರು ನನ್ನ ಪಕ್ಕದಲ್ಲೇ ಬಂದು ಕೂತು, ಕಿಟಕಿ ತೆರೆದು ನನ್ನ ತಲೆಯನ್ನು ಗಾಳಿಗೆ ತಿರುಗಿಸಿದರು. ನರ್ಸಿನ ಕೈ.

"ನಿಮ್ಮ ಮೇಲೆ ಸಿಟ್ಟು ಹೋಗಿಲ್ಲ ನನಗೆ" ಎಂದರು. "ಆದ್ರೆ ಇಷ್ಟು ದೂರ ಒಬ್ಬಳೇ ಹೋಗ್ಲಿಕ್ಕೆ ಬೇಜಾರು."

"ನನಗೂ ಹಂಗ ರೀ" ಎಂದೆ. ಕಳಸಕ್ಕೆ ಬಂದು ಎರಡು ವರ್ಷಕ್ಕೆ ನನಗೊಬ್ಬಳು ಗೆಳತಿ ಸಿಕ್ಕಿದ್ದು ಹೀಗೆ.

ಆ ವರ್ಷ ಹೀಗೆ ಎಷ್ಟು ಸಲ ಹೋದೆವೋ. ಮೂಡಿಗೆರೆಯ ಸೈಬರಿನಲ್ಲಿ ಪಕ್ಕಪಕ್ಕದ ಕಂಪ್ಯೂಟರಿನಲ್ಲಿ ಕೂರುತ್ತಿದ್ದೆವು. ನಾನು ಇಪ್ಪತ್ತು ಜನರ ಪತ್ರ ತೆರೆದು ಪ್ರಿಂಟು ತೆಗೆಯುವಾಗ ಅವರು ಎರಡು ಬೆರಳಲ್ಲಿ ತಮ್ಮದೊಂದನ್ನು ತೆರೆಯುತ್ತಿದ್ದರು. "ಎಂತ ಇಲ್ಲ" ಎನ್ನುತ್ತಿದ್ದರು. ಪಕ್ಕದ ಹೋಟೆಲಿನಲ್ಲಿ ಕಡುಬು ತಿಂದು ವಾಪಸ್ಸು. ದಾರಿಯಲ್ಲಿ ಅವರು ಮಗಳ ಶಾಲೆಯ ಮಾತಾಡುತ್ತಿದ್ದರು. ಗಣಿ ನಿಂತ ದಿನ ಸೈರನ್ ಕೂಗದೆ ಇದ್ದಾಗ ಗಂಡ ಎದ್ದು ಕೂತು ಗಡಿಯಾರವನ್ನು ಅಲ್ಲಾಡಿಸಿ ನೋಡಿದ್ದನ್ನು ಹೇಳಿದ್ದು ಅದೇ ಬಸ್ಸಿನಲ್ಲಿ. ನಾನು ಗದುಗಿನ ಮಾತಾಡುತ್ತಿದ್ದೆ. ಮರವೇ ಇಲ್ಲದ ಬಯಲು ಹೇಗಿರುತ್ತದೆ ಎಂದು ಕೇಳುತ್ತಿದ್ದರು. ಎಲ್ಲಿ ನಿಂತರೂ ಇನ್ನೊಂದು ಊರು ಕಾಣುತ್ತದೆ ಎಂದರೆ ನಂಬುತ್ತಿರಲಿಲ್ಲ.

ಮುಂದಿನ ಮಳೆಗಾಲದ ಆಗಸ್ಟಿನಲ್ಲಿ ಒಮ್ಮೆ ಮೂಡಿಗೆರೆಯಲ್ಲಿ ಕರೆಂಟು ಹೋಗಿ ಬಂದು ಮಾಡುತ್ತಿತ್ತು. ಸೈಬರಿನವನು ಬ್ಯಾಟರಿ ಮುಗಿಯುತ್ತಿದೆ, ಹತ್ತು ನಿಮಿಷ ಅಷ್ಟೇ ಎಂದ. ನಾನು ಅವಸರದಲ್ಲಿ ಪ್ರಿಂಟು ತೆಗೆಯುತ್ತಿದ್ದಾಗ ಪಕ್ಕದಿಂದ ಲಲಿತಾ ನನ್ನ ತೋಳು ಹಿಡಿದರು. 

"ಇಲ್ಲಿ ನೋಡಿ."

ಅದೇ ಏಜೆನ್ಸಿ. ಮಸ್ಕತ್ತಿನ ಒಂದು ಸಣ್ಣ ಆಸ್ಪತ್ರೆ. ಮೊದಲಿನದಕ್ಕಿಂತ ಸಂಬಳ ಕಡಿಮೆ. ಮೂರು ದಿನದೊಳಗೆ ಒಪ್ಪಿಗೆ ಬೇಕು, ಒಂದು ದಿನ ಆಗಲೇ ಕಳೆದಿತ್ತು.

"ನಾನು ಟೈಪ್ ಮಾಡ್ಲೇನ್ರಿ?" ಎಂದೆ.

"ಬೇಡ. ನಾನೇ ಮಾಡ್ತೇನೆ."

ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ನಾನು ಒಪ್ಪಿದ್ದೇನೆ ಎಂಬ ಒಂದೇ ಸಾಲು, ಕೆಳಗೆ ಹೆಸರು. ಮೇಲೆ ದೀಪ ಮಿಣುಕುತ್ತಿತ್ತು. ಕಳಿಸು ಎಂಬಲ್ಲಿ ಒತ್ತಿ ಇಬ್ಬರೂ ಪರದೆಯನ್ನೇ ನೋಡುತ್ತಾ ಕೂತೆವು. ಹೋಯಿತು ಎಂದು ಬಂತು. "ಹೋಯ್ತಾ? ನಿಜವಾಗಿ ಹೋಯ್ತಾ?" ಎಂದು ನನ್ನನ್ನು ಕೇಳಿದರು. ಇನ್ನೊಂದು ಕಂಪ್ಯೂಟರಿನಿಂದ ಮತ್ತೆ ತೆರೆದು ತೋರಿಸಿದೆ. ಅವರು ಮೊದಲ ಬಾರಿ ನನ್ನೆದುರು ಅತ್ತರು. ಸೈಬರಿನವನು ಗಾಬರಿಯಾಗಿ ನೀರು ತಂದುಕೊಟ್ಟ.

ಎರಡು ತಿಂಗಳಲ್ಲಿ ಹೊರಟರು. ಗಂಡ, ಮಗಳು ಕಾರ್ಕಳಕ್ಕೆ ಹೋದರು. ಕ್ವಾರ್ಟರ್ಸು ಖಾಲಿ ಮಾಡಿದ ದಿನ ನನಗೊಂದು ಪ್ರೆಶರ್ ಕುಕ್ಕರ್ ಕೊಟ್ಟು, "ಇಟ್ಕೊಳ್ಳಿ, ಅಲ್ಲಿಗೆ ತಗೊಂಡು ಹೋಗ್ಲಿಕ್ಕೆ ಆಗುದಿಲ್ಲ" ಎಂದರು. ಸಿಟ್ಟು ಹೋಯಿತೇ ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ಮುಂದಿನ ಸಲ ಲೈನು ಹೋದಾಗ ನಾಲ್ಕನೇ ದಿನ ಒಬ್ಬಳೇ ಬಸ್ಸು ಹತ್ತಿದೆ. ಕಿಟಕಿಯನ್ನು ನಾನೇ ತೆರೆದು, ತಲೆಯನ್ನು ನಾನೇ ಗಾಳಿಗೆ ತಿರುಗಿಸಿಕೊಂಡೆ.

ಮಸ್ಕತ್ತಿನಿಂದ ಮೊದಮೊದಲು ವಾರಕ್ಕೊಂದು ಪತ್ರ ಬರುತ್ತಿತ್ತು. ಅಲ್ಲಿ ನೆಟ್ ಎಷ್ಟು ವೇಗವೆಂದರೆ ಮಗಳ ಮುಖ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರ್ತಿ ಬರುತ್ತದೆ ಎಂದು ಬರೆದಿದ್ದರು. ಮರವಿಲ್ಲದ ಊರು ಹೇಗಿರುತ್ತದೆ ಎಂದು ಈಗ ಗೊತ್ತಾಯಿತು ಎಂದೂ ಬರೆದಿದ್ದರು. ಆ ಪತ್ರ ಇಳಿಯಲು ಇಲ್ಲಿ ಏಳು ನಿಮಿಷ ಹಿಡಿದಿತ್ತು. ಈಗ ಹಬ್ಬಕ್ಕೊಂದು ಬರುತ್ತದೆ. ಅವರಿಗೆ ಬಿಡುವಿಲ್ಲ, ನನಗೂ ಬರೆಯಲು ಹೊಸದೇನಿಲ್ಲ.

ಬ್ರಾಡ್‌ಬ್ಯಾಂಡ್ ಕಳಸಕ್ಕೂ ಬಂತು. ಅದನ್ನು ಜೋಡಿಸಿದ್ದು ಹೊಸ ಲೈನ್‌ಮನ್. ಸುಂದರಣ್ಣ ನಿವೃತ್ತನಾಗಿ ತಿಂಗಳಾಗಿತ್ತು. ಆದರೂ ನೋಡಲೆಂದು ಬಂದು, ಡಯಲ್ ಮಾಡದೆಯೇ ಪುಟ ತೆರೆದದ್ದನ್ನು ಕಂಡು, "ಇಷ್ಟೇಯಾ?" ಎಂದು ಹೋದ. ಗುಡ್ಡದ ಮೇಲೆ ಮೊಬೈಲ್ ಟವರ್ ನಿಂತಿತು. ರೈಟರ್ ಈಗ ಲಂಡನ್ ರೇಟನ್ನು ತಮ್ಮ ಕಿಸೆಯಲ್ಲೇ ನೋಡಿಕೊಳ್ಳುತ್ತಾರೆ, ಸಂಜೆ ಹೊತ್ತು ನನ್ನ ಬೆಂಚಿನ ಮೇಲೆ ಕೂತು ಅಭ್ಯಾಸಬಲದಿಂದ ಹತ್ತು ನಿಮಿಷ ಮಾತಾಡಿ ಹೋಗುತ್ತಾರೆ ಅಷ್ಟೆ. ಹೊರನಾಡಿಗೆ ಬಂದ ಯಾತ್ರಿಕರು ಟಿಕೆಟ್ ಮಾಡಿಸಲು ಬರುತ್ತಾರೆ. ಉಳಿದಂತೆ ಜೆರಾಕ್ಸ್. ವೇಗ ಬಂತು, ಅಗ್ಗವೂ ಆಯಿತು, ನನ್ನ ಕೆಲಸ ಮಾತ್ರ ಕರಗಿತು. ಅದು ಇಷ್ಟು ತಡವಾಗಿ ಬಂದದ್ದಕ್ಕೆ ಸಂತೋಷಪಡಬೇಕೋ ಬೇಡವೋ ತಿಳಿಯದಷ್ಟು ದಣಿದಿದ್ದೇನೆ.

ದೀಪಾವಳಿಗೆ ಗದುಗಿಗೆ ಬಂದಿದ್ದೆ. ನಿಮ್ಮಲ್ಲಿ ಓಣಿಗೊಂದು ಸೈಬರ್. ನನ್ನ ತಮ್ಮನ ಮನೆಯಲ್ಲಿ ಟಿವಿಯಂತೆ ನೆಟ್ ದಿನವಿಡೀ ಹತ್ತಿಯೇ ಇರುತ್ತದೆ. ಅವ್ವ ಜೋಳದ ರೊಟ್ಟಿ ಬಡಿದು ಬಡಿದು ಹಾಕಿದಳು. ಎರಡನೇ ದಿನಕ್ಕೆ ನನ್ನ ಗಂಟಲು ಒಣಗಿತು, ತುಟಿ ಸೀಳಿತು. ತಮ್ಮನ ಹೆಂಡತಿಗೆ ನಾನು "ಒಂದು ಲೋಟ ನೀರು ಕೊಡು ಮಾರಾಯ್ತಿ" ಎಂದದ್ದಕ್ಕೆ ಮನೆಯೆಲ್ಲ ನಕ್ಕಿತು. "ನಿಮ್ಮ ಕಡೆ ಹಂಗ ಅಂತಾರೇನು?" ಎಂದು ಅವ್ವ ಕೇಳಿದಳು. ನನ್ನ ಕಡೆ ಯಾವುದು ಎಂದು ಅವಳೂ ಯೋಚಿಸದೆ ಕೇಳಿದ್ದು, ನಾನೂ ಯೋಚಿಸದೆ "ಹೂಂ" ಎಂದೆ. ವಾಪಸ್ಸು ಬಂದು ಬಸ್ಸಿಳಿದರೆ ವಿಮಲಕ್ಕ ಕೇಳಿದರು: "ನಿಮ್ಮ ಊರಲ್ಲಿ ಎಲ್ಲ ಆರಾಮಾ?"

ಶಿವಾನಂದರಿಗೆ ಈಗ ಗದುಗಿಗೆ ವರ್ಗ ಕೇಳುವ ಅವಕಾಶ ಇದೆ. ಕಳೆದ ವಾರ ಶಾಲೆಯಿಂದ ಅರ್ಜಿ ತಂದು ಎಲ್ಲ ತುಂಬಿ, ಸಹಿಯನ್ನೂ ಹಾಕಿ ನನ್ನ ಮುಂದಿಟ್ಟರು. ಆಚೆ ಕಿಟಕಿಯಲ್ಲಿ ಮಳೆ ಹೊಳವಾಗಿತ್ತು. ಹೊಳವಾಗುವುದು ಎಂದರೆ ಮಳೆ ನಿಂತು ಬೆಳಕಾಗುವುದು, ಗದುಗಿನಲ್ಲಿ ಇದಕ್ಕೆ ನಮಗೆ ಮಾತೇ ಇಲ್ಲ.

"ಕಳಸ್ಲೇನು?" ಎಂದರು.

"ಈ ವರ್ಷ ಬ್ಯಾಡ್ರಿ" ಎಂದೆ.

"ಹ್ವಾದ ವರ್ಷನೂ ಇದ ಅಂದಿದ್ದಿ."

"ಅಂದಿದ್ನಿ."

ಅವರು ಅರ್ಜಿಯನ್ನು ಹರಿಯಲಿಲ್ಲ, ಕಳಿಸಲೂ ಇಲ್ಲ. ಮಡಚಿ, ಹೋದ ವರ್ಷದ್ದರ ಮೇಲೆ ಇಟ್ಟು, ಪೆಟ್ಟಿಗೆಯ ಮುಚ್ಚಳ ಹಾಕಿದರು.